ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಕಾರು ಕೊಳ್ಳುವ ಮುನ್ನ: ಉತ್ತರ ಕನ್ನಡದವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಾರವಾರದಿಂದ ಭಟ್ಕಳದವರೆಗೆ, ಘಟ್ಟದ ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲೂ ಈಗ ಹಸಿರು ನಂಬರ್ ಪ್ಲೇಟಿನ ಕಾರುಗಳು ಕಾಣುತ್ತವೆ. 2020ರ ಸುಮಾರಿಗೆ ರಸ್ತೆಗಿಳಿದ ಗಾಡಿಗಳು ಈಗ ಎರಡನೇ, ಮೂರನೇ ಮಾಲೀಕರ ಕೈಗೆ ಬರುತ್ತಿವೆ. ಬೆಲೆ ನೋಡಿದರೆ ಆಸೆಯಾಗುತ್ತದೆ. ಆದರೆ ಪೆಟ್ರೋಲ್ ಗಾಡಿ ನೋಡುವ ರೀತಿಯಲ್ಲೇ ಇದನ್ನೂ ನೋಡಿದರೆ ಮುಖ್ಯವಾದದ್ದೇ ಕಣ್ತಪ್ಪುತ್ತದೆ. ನಾನು ಎಲ್ಲರಿಗೂ ಹೇಳುವುದು ಇಷ್ಟೇ: ನಿಮ್ಮ ರಸ್ತೆಯಲ್ಲಿ ಓಡಿಸಿ, ನಿಮ್ಮ ಮನೆಯ ಪ್ಲಗ್‌ನಲ್ಲಿ ಚಾರ್ಜ್ ಮಾಡಿ ನೋಡದೆ ಪೂರ್ತಿ ದುಡ್ಡು ಕೊಡಬೇಡಿ.

ಮೊದಲು ಏನು ನೋಡಬೇಕು? ಓಡಿದ ಕಿಲೋಮೀಟರಾ, ಗಾಡಿಯ ವಯಸ್ಸಾ?

ಎರಡಕ್ಕಿಂತ ಮೊದಲು ಬ್ಯಾಟರಿ. ಇಡೀ ಗಾಡಿಯಲ್ಲಿ ಅತಿ ದುಬಾರಿ ಭಾಗ ಅದು. ಉಳಿದದ್ದು ಏನೇ ಕೆಟ್ಟರೂ ಸರಿ ಮಾಡಿಸಬಹುದು, ಬ್ಯಾಟರಿ ಹೋದರೆ ಲೆಕ್ಕಾಚಾರವೇ ಬುಡಮೇಲಾಗುತ್ತದೆ.

ಕಿಲೋಮೀಟರ್ ಕಡಿಮೆ ಇದ್ದ ಮಾತ್ರಕ್ಕೆ ಬ್ಯಾಟರಿ ಚೆನ್ನಾಗಿದೆ ಎಂದಲ್ಲ. ವರ್ಷಗಟ್ಟಲೆ ಅಂಗಳದಲ್ಲಿ ನಿಂತ ಗಾಡಿ, ಅದರಲ್ಲೂ ಪೂರ್ತಿ ಖಾಲಿಯಾಗಿ ನಿಂತಿದ್ದ ಗಾಡಿ, ದಿನವೂ ಓಡಿದ ಗಾಡಿಗಿಂತ ಕೆಟ್ಟ ಸ್ಥಿತಿಯಲ್ಲಿರಬಹುದು. ದಿನಾ ಅಂಕೋಲಾದಿಂದ ಕಾರವಾರಕ್ಕೆ ಕೆಲಸಕ್ಕೆ ಹೋಗಿಬಂದು, ರಾತ್ರಿ ಮನೆಯಲ್ಲಿ ನಿಧಾನಕ್ಕೆ ಚಾರ್ಜ್ ಆದ 60 ಸಾವಿರ ಕಿ.ಮೀ.ನ ಗಾಡಿ ಸಿಕ್ಕರೆ ನಾನು ಅದನ್ನೇ ಆರಿಸುತ್ತೇನೆ.

ಬ್ಯಾಟರಿಯಲ್ಲಿ ಎಷ್ಟು ಶಕ್ತಿ ಉಳಿದಿದೆ ಅಂತ ತಿಳಿಯುವುದು ಹೇಗೆ?

ಡ್ಯಾಶ್‌ಬೋರ್ಡ್ ಶೇ 100 ತೋರಿಸಿದರೆ ಬ್ಯಾಟರಿ ಹೊಸದರಂತೆ ಇದೆ ಎಂದು ಅರ್ಥವಲ್ಲ. ಈಗ ಅದರಲ್ಲಿ ಹಿಡಿಯುವಷ್ಟು ತುಂಬಿದೆ ಎಂದು ಮಾತ್ರ ಅರ್ಥ. ಹೊಸದಿದ್ದಾಗಿನ ಸಾಮರ್ಥ್ಯದಲ್ಲಿ ಇನ್ನೂ ಶೇಕಡಾ ಎಷ್ಟು ಉಳಿದಿದೆ ಎಂಬುದು ಬೇರೆ ಲೆಕ್ಕ. ಅದಕ್ಕೆ ಬ್ಯಾಟರಿ ಹೆಲ್ತ್, ಎಸ್‌ಒಎಚ್ ಎನ್ನುತ್ತಾರೆ. ಅದನ್ನು ತಿಳಿಯಲು ಮೂರು ದಾರಿ ಇವೆ. ಸಾಧ್ಯವಾದರೆ ಮೂರನ್ನೂ ಮಾಡಿ.

ಮೊದಲನೆಯದು ಕಂಪನಿಯ ಸರ್ವಿಸ್ ಸೆಂಟರ್. ಅಲ್ಲಿ ಗಾಡಿಗೆ ಸ್ಕ್ಯಾನರ್ ಹಾಕಿಸಿ, ಬ್ಯಾಟರಿ ಹೆಲ್ತ್ ರಿಪೋರ್ಟ್ ಕೇಳಿ. ಬಾಯಿಮಾತು ಬೇಡ, ಗಾಡಿಯ ಚಾಸಿ ನಂಬರ್ ಮತ್ತು ತಾರೀಕು ಇರುವ ಕಾಗದವೇ ಬೇಕು. ಮಾರುವವರು ಇದಕ್ಕೆ ಒಪ್ಪದಿದ್ದರೆ ನಮಸ್ಕಾರ ಹೇಳಿ ಬನ್ನಿ.

ಎರಡನೆಯದು ಒಬಿಡಿ ಡಾಂಗಲ್. ಆನ್‌ಲೈನ್‌ನಲ್ಲಿ ಸಿಗುವ, ಗಾಡಿಯ ಕಂಪ್ಯೂಟರಿನ ಮಾಹಿತಿ ಓದುವ ಸಣ್ಣ ಬ್ಲೂಟೂತ್ ಸಾಧನ ಇದು. ಸ್ಟೇರಿಂಗ್ ಕೆಳಗಿನ ಪೋರ್ಟ್‌ಗೆ ಸಿಕ್ಕಿಸಿ ಮೊಬೈಲ್ ಆ್ಯಪ್‌ನಲ್ಲಿ ನೋಡಬಹುದು. ಕೆಲವು ಮಾಡೆಲ್‌ಗಳಲ್ಲಿ ಎಸ್‌ಒಎಚ್ ಜೊತೆಗೆ ಒಂದೊಂದು ಸೆಲ್‌ನ ವೋಲ್ಟೇಜ್ ಕೂಡ ಕಾಣುತ್ತದೆ. ನನಗೆ ಎಸ್‌ಒಎಚ್ ಅಂಕಿಗಿಂತ ಈ ಸೆಲ್ ವೋಲ್ಟೇಜ್ ಮೇಲೇ ಹೆಚ್ಚು ನಂಬಿಕೆ. ಬ್ಯಾಟರಿ ಅರ್ಧದಷ್ಟಿದ್ದು ಗಾಡಿ ನಿಂತಿರುವಾಗ ಅತಿ ಹೆಚ್ಚಿನ ಮತ್ತು ಅತಿ ಕಡಿಮೆ ಸೆಲ್‌ಗಳ ನಡುವೆ ಹೆಚ್ಚು ಅಂತರ ಇರಬಾರದು. 0.05 ವೋಲ್ಟ್ ದಾಟಿದ್ದರೆ ಸರ್ವಿಸ್ ಸೆಂಟರ್‌ನವರಿಗೆ ತೋರಿಸದೆ ಮುಂದುವರಿಯಬೇಡಿ. ಒಂದು ಸೆಲ್ ಬಲಹೀನವಾದರೂ ಇಡೀ ಬ್ಯಾಟರಿ ಅದರ ಮಟ್ಟಕ್ಕೇ ಕೆಲಸ ಮಾಡುತ್ತದೆ.

ಮೂರನೆಯದಕ್ಕೆ ಯಾವ ಸಾಧನವೂ ಬೇಡ, ಒಂದು ರಾತ್ರಿ ಸಾಕು. ಬ್ಯಾಟರಿ ಶೇ 20ಕ್ಕೆ ಇಳಿದಾಗ ಪ್ಲಗ್‌ಗೆ ಹಾಕಿ, ಶೇ 100 ಆಗುವವರೆಗೆ ಎಷ್ಟು ಯೂನಿಟ್ ಹೋಯಿತು ನೋಡಿ. ಪ್ಲಗ್‌ಗೆ ಸಬ್‌ಮೀಟರ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಬೇರೆಲ್ಲ ಆಫ್ ಮಾಡಿ ಮನೆಯ ಮೀಟರನ್ನೇ ನೋಡಬಹುದು. ಉದಾಹರಣೆಗೆ, ಟಾಟಾ ನೆಕ್ಸಾನ್‌ನ ಮೊದಲ ಎಲೆಕ್ಟ್ರಿಕ್ ಮಾಡೆಲ್‌ನ ಬ್ಯಾಟರಿ 30.2 ಯೂನಿಟ್‌ನದು. ಅದರ ಶೇ 80 ಅಂದರೆ ಸುಮಾರು 24 ಯೂನಿಟ್. ಚಾರ್ಜ್ ಆಗುವಾಗ ಶೇ 10ರಿಂದ 15ರಷ್ಟು ಬಿಸಿಯಾಗಿ ಪೋಲಾಗುತ್ತದೆ. ಹಾಗಾಗಿ ಬ್ಯಾಟರಿ ಹೊಸದರಂತಿದ್ದರೆ ಮೀಟರ್ ಸುಮಾರು 27 ಯೂನಿಟ್ ತೋರಿಸಬೇಕು. 25, 26 ಬಂದರೂ ಹೆದರಬೇಡಿ, ವಯಸ್ಸಿಗೆ ತಕ್ಕ ಸವೆತ ಅದು. 22ಕ್ಕೇ ಬ್ಯಾಟರಿ ತುಂಬಿಬಿಟ್ಟರೆ ಸಾಮರ್ಥ್ಯ ಶೇ 80ರ ಹತ್ತಿರಕ್ಕೆ ಇಳಿದಿದೆ ಎಂದು ತಿಳಿಯಿರಿ. ಬೆಲೆಯೂ ಅದಕ್ಕೆ ತಕ್ಕಂತೆ ಇಳಿಯಬೇಕು.

ಇನ್ನೊಂದು ಲಕ್ಷಣವಿದೆ. ಓಡಿಸುವಾಗ ಶೇಕಡಾವಾರು ಒಂದೇ ಸಮನೆ ಇಳಿಯಬೇಕು. 25ರಿಂದ ಒಮ್ಮೆಲೇ 12ಕ್ಕೆ ಹಾರಿದರೆ ಎರಡು ಕಾರಣ ಇರಬಹುದು. ಒಂದು, ಬಲಹೀನ ಸೆಲ್. ಇನ್ನೊಂದು, ಬಹಳ ದಿನ ಶೇ 100 ಚಾರ್ಜ್ ಮಾಡದೇ ಇದ್ದದ್ದು. ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಎಂಬ ಬಗೆಯ ಬ್ಯಾಟರಿಗಳಲ್ಲಿ ಚಾರ್ಜ್ ಏರಿದರೂ ಇಳಿದರೂ ಮಧ್ಯದಲ್ಲಿ ವೋಲ್ಟೇಜ್ ಹೆಚ್ಚು ಬದಲಾಗುವುದಿಲ್ಲ. ಹಾಗಾಗಿ ಗಾಡಿಯ ಕಂಪ್ಯೂಟರ್‌ಗೆ ಆಗಾಗ ಪೂರ್ತಿ ಚಾರ್ಜ್ ಸಿಗದಿದ್ದರೆ ಲೆಕ್ಕ ತಪ್ಪುತ್ತದೆ. ಎರಡು ಮೂರು ಸಲ ನಿಧಾನದ ಚಾರ್ಜರ್‌ನಲ್ಲಿ ಪೂರ್ತಿ ತುಂಬಿಸಿದ ಮೇಲೂ ಹಾಗೇ ಹಾರಿದರೆ ಆ ಗಾಡಿ ಬೇಡ.

ಆ ಮೊದಲ ನೆಕ್ಸಾನ್‌ಗೆ ಕಂಪನಿ 312 ಕಿ.ಮೀ. ಅನ್ನುತ್ತದೆ. ನಮ್ಮ ಕಡೆ ನಿಜಕ್ಕೂ ಎಷ್ಟು ಸಿಗುತ್ತದೆ?

ಅಷ್ಟು ಸಿಗುವುದಿಲ್ಲ. 312 ಎಂಬುದು ಪರೀಕ್ಷಾ ಕೇಂದ್ರದ ಅಂಕಿ. ಎಸಿ ಹಾಕಿ, ನಾಲ್ಕು ಜನ ಕೂತು, ಹೆದ್ದಾರಿಯಲ್ಲಿ 80ರ ವೇಗದಲ್ಲಿ ಹೋದರೆ ಲೆಕ್ಕ ಬೇರೆಯೇ.

ಅದೇ 30.2 ಯೂನಿಟ್ ಗಾಡಿಯನ್ನು ತೆಗೆದುಕೊಳ್ಳೋಣ. ಹೆಲ್ತ್ ಶೇ 88 ಎಂದಿಟ್ಟುಕೊಂಡರೆ ಉಳಿದದ್ದು 26.6 ಯೂನಿಟ್. ಕೊನೆಯ ಶೇ 15ನ್ನು ಆಪತ್ತಿಗೆ ಬಿಟ್ಟರೆ ಕೈಗೆ ಸಿಗುವುದು 22.6. ಕಿಲೋಮೀಟರಿಗೆ 0.14 ಯೂನಿಟ್ ಖರ್ಚಾದರೆ ಸುಮಾರು 160 ಕಿ.ಮೀ. ಕಾರವಾರದಿಂದ ಕುಮಟಾಕ್ಕೆ ಹೋಗಿ ಬರಲು ಸುಮಾರು 140 ಕಿ.ಮೀ. ಆಗುತ್ತದೆ. ಅಂದರೆ ಹೋಗಿ ಬರಬಹುದು, ಆದರೆ ಅತ್ತಿತ್ತ ತಿರುಗಲು ಜಾಸ್ತಿ ಉಳಿಯುವುದಿಲ್ಲ.

ಈಗ ಘಟ್ಟದ ಲೆಕ್ಕ. ಶಿರಸಿ ಸಮುದ್ರ ಮಟ್ಟದಿಂದ ಸುಮಾರು 590 ಮೀಟರ್ ಎತ್ತರದಲ್ಲಿದೆ. ಜನ, ಸಾಮಾನು ಸೇರಿ 1,600 ಕಿಲೋ ತೂಗುವ ಗಾಡಿಯನ್ನು ಅಷ್ಟು ಎತ್ತರಕ್ಕೆ ಏರಿಸಲು 2.5 ಯೂನಿಟ್‌ಗಿಂತ ತುಸು ಜಾಸ್ತಿ ಬೇಕು. ಮೋಟಾರಿನ ನಷ್ಟವೂ ಸೇರಿದರೆ 3 ಯೂನಿಟ್. ಇದು ದೂರದ ಖರ್ಚಿನ ಮೇಲೆ ಬರುವ ಹೆಚ್ಚುವರಿ. ಆದ್ದರಿಂದ ದೇವಿಮನೆ ಘಟ್ಟ ಹತ್ತುವಾಗ ಚಾರ್ಜ್ ದಡದಡನೆ ಇಳಿದರೆ ಗಾಬರಿ ಬೇಡ. ಇಳಿಯುವಾಗ ಮೋಟಾರು ಜನರೇಟರ್‌ನಂತೆ ಕೆಲಸ ಮಾಡಿ ಅರ್ಧಕ್ಕಿಂತ ಹೆಚ್ಚನ್ನು ಬ್ಯಾಟರಿಗೆ ಮರಳಿಸುತ್ತದೆ. ಕುಮಟಾದಿಂದ ಶಿರಸಿಗೆ ಹೋಗಿ ಬರಲು ಆ ಗಾಡಿ ಸಾಕು.

ಆದರೂ ನಮ್ಮ ಜಿಲ್ಲೆಯವರು ಅಂಚಿಗೆ ಅಂಚು ಲೆಕ್ಕ ಹಾಕಬಾರದು. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ-66 ಎಷ್ಟೋ ದಿನ ಬಂದ್ ಆಗಿತ್ತು. 2021ರ ಜುಲೈನಲ್ಲಿ ಗುಳ್ಳಾಪುರದ ಸೇತುವೆಯೇ ಕೊಚ್ಚಿಹೋಯಿತು. ಮಳೆಗಾಲದಲ್ಲಿ ಯಾವ ಘಟ್ಟ ಯಾವಾಗ ಮುಚ್ಚುತ್ತದೆ ಅಂತ ಹೇಳಲಾಗುವುದಿಲ್ಲ. ಸುತ್ತು ದಾರಿ ಹಿಡಿದರೆ 35 ಕಿ.ಮೀ. ಹೋಗುವಲ್ಲಿ 100 ದಾಟಿಬಿಡುತ್ತದೆ. ನಿಮ್ಮ ನಿತ್ಯದ ಓಡಾಟದ ಎರಡು ಪಟ್ಟು ದೂರ ಹೋಗಬಲ್ಲ ಗಾಡಿ ನೋಡಿ ಎನ್ನುವುದು ಇದೇ ಕಾರಣಕ್ಕೆ.

ಟೆಸ್ಟ್ ಡ್ರೈವ್ ಎಲ್ಲಿ ಮಾಡಬೇಕು?

ಪೇಟೆಯಲ್ಲಿ ಒಂದು ಸುತ್ತು ಹೊಡೆದರೆ ಏನೂ ತಿಳಿಯುವುದಿಲ್ಲ. ದೇವಿಮನೆ, ಅರಬೈಲ್, ಗೇರುಸೊಪ್ಪ, ಅಣಶಿ: ನಿಮಗೆ ಹತ್ತಿರದ ಘಟ್ಟ ಯಾವುದೋ ಅದನ್ನು ಹತ್ತಿಸಿ, ಇಳಿಸಿ. ಹತ್ತುವಾಗ ಎಸಿ ಹಾಕಿರಲಿ. ಪರದೆಯ ಮೇಲೆ ಆಮೆ ಚಿತ್ರ ಬಂದರೆ ಅಥವಾ ಗಾಡಿ ತಾನಾಗಿ ಶಕ್ತಿ ಕಡಿಮೆ ಮಾಡಿಕೊಂಡರೆ ಬ್ಯಾಟರಿಯನ್ನೋ ಅದನ್ನು ತಂಪಾಗಿಡುವ ವ್ಯವಸ್ಥೆಯನ್ನೋ ಅನುಮಾನಿಸಬೇಕು. ಆಮೇಲೆ ಎಸಿ, ಹಾಡು ಎರಡನ್ನೂ ಆರಿಸಿ, ಕಿಟಕಿ ಮುಚ್ಚಿ ಕಿವಿಗೊಟ್ಟು ಕೇಳಿ. ಎಂಜಿನ್ ಸದ್ದಿಲ್ಲದ ಗಾಡಿಯಾದ್ದರಿಂದ ಬೇರಿಂಗ್ ಗೊರಗೊರ, ಗೇರ್‌ಬಾಕ್ಸ್ ಕೀರಲು, ಸಸ್ಪೆನ್ಷನ್ ಟಕಟಕ ಎಲ್ಲವೂ ಸ್ಪಷ್ಟವಾಗಿ ಕೇಳಿಸುತ್ತವೆ.

ಇಳಿಯುವಾಗ ಒಂದು ಎಚ್ಚರ. ಶಿರಸಿಯಲ್ಲಿ ಶೇ 100 ಚಾರ್ಜ್ ಮಾಡಿಕೊಂಡು ನೇರ ಘಟ್ಟ ಇಳಿದರೆ ಮೋಟಾರಿನ ತಡೆ ಸಿಗುವುದಿಲ್ಲ, ಏಕೆಂದರೆ ತುಂಬಿದ ಬ್ಯಾಟರಿಗೆ ಇನ್ನಷ್ಟು ತುಂಬಲು ಜಾಗವಿಲ್ಲ. ಆಗ ಪೂರ್ತಿ ಭಾರ ಬ್ರೇಕಿನ ಮೇಲೆ. ಇದು ಗಾಡಿಯ ದೋಷವಲ್ಲ. ಘಟ್ಟದ ಮೇಲಿನವರು ಇಳಿಯುವ ದಿನ ಶೇ 85, 90ಕ್ಕೆ ನಿಲ್ಲಿಸುವುದು ಒಳ್ಳೆಯದು.

ಫಾಸ್ಟ್ ಚಾರ್ಜ್ ಜಾಸ್ತಿ ಮಾಡಿದ ಗಾಡಿ ಬೇಡವಾ?

ಅಷ್ಟಕ್ಕೇ ಬೇಡ ಎನ್ನಬೇಕಿಲ್ಲ. ಬಿಸಿ, ಸದಾ ಶೇ 100ರಲ್ಲೇ ನಿಲ್ಲಿಸುವುದು, ಪೂರ್ತಿ ಖಾಲಿ ಮಾಡುವುದು ಮತ್ತು ಬಿಸಿಯಲ್ಲೇ ಮತ್ತೆ ಮತ್ತೆ ಫಾಸ್ಟ್ ಚಾರ್ಜ್ ಮಾಡುವುದು ಸೇರಿದಾಗ ಬ್ಯಾಟರಿ ಬೇಗ ಸವೆಯುತ್ತದೆ. ಟ್ಯಾಕ್ಸಿಯಾಗಿ ಓಡಿದ ಗಾಡಿಗಳಲ್ಲಿ ಇದೆಲ್ಲ ಒಟ್ಟಿಗೇ ಆಗಿರುವ ಸಾಧ್ಯತೆ ಹೆಚ್ಚು.

ಕೊಳ್ಳುವ ಮೊದಲು ಮನೆಯ ಪ್ಲಗ್ ಮತ್ತು ಹೆದ್ದಾರಿಯ ಫಾಸ್ಟ್ ಚಾರ್ಜರ್ ಎರಡರಲ್ಲೂ ಹಾಕಿ ನೋಡಿ. ಒಂದು ಕೆಲಸ ಮಾಡಿ ಇನ್ನೊಂದು ಕೆಟ್ಟಿರುವ ಗಾಡಿಗಳಿವೆ. ಪಿನ್‌ಗಳು ಕರಕಲಾಗಿವೆಯೇ, ಪ್ಲಾಸ್ಟಿಕ್ ಕರಗಿದೆಯೇ, ಮುಚ್ಚಳದ ರಬ್ಬರ್ ಗಟ್ಟಿಯಿದೆಯೇ ಎಂದು ಟಾರ್ಚ್ ಬಿಟ್ಟು ನೋಡಿ. ಎಂಜಿ ಕಾಮೆಟ್‌ನಂಥ ಪುಟ್ಟ ಗಾಡಿಗೆ ಹೆದ್ದಾರಿಯ ಡಿಸಿ ಫಾಸ್ಟ್ ಚಾರ್ಜಿಂಗ್ ಸೌಲಭ್ಯವೇ ಇಲ್ಲ. ಪೇಟೆಯೊಳಗಿನ ಓಡಾಟಕ್ಕೆ ಅದು ಅಡ್ಡಿಯಲ್ಲ, ಆದರೆ ಗೊತ್ತಿದ್ದು ಕೊಳ್ಳಬೇಕು.

ನೆರೆ ನೀರಿಗೆ ಸಿಕ್ಕ ಗಾಡಿ ಅಂತ ಪತ್ತೆ ಹಚ್ಚುವುದು ಹೇಗೆ?

ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ನಾಲ್ಕೂ ತುಂಬಿ ಹರಿಯುವ ಜಿಲ್ಲೆ ನಮ್ಮದು. 2019 ಮತ್ತು 2021ರ ನೆರೆಯನ್ನು ಯಾರೂ ಮರೆತಿಲ್ಲ. ಈ ಪ್ರಶ್ನೆಯನ್ನು ಸುಮ್ನೆ ಬಿಡುವಂತಿಲ್ಲ.

ಬ್ಯಾಟರಿ ಪೆಟ್ಟಿಗೆಗೆ ಸಾಮಾನ್ಯವಾಗಿ ಐಪಿ67 ದರ್ಜೆ ಇರುತ್ತದೆ. ಅಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಇದ್ದರೂ ಒಳಗೆ ನೀರು ಹೋಗಬಾರದು. ಆ ಮಾತು ಹೊಸ ಪೆಟ್ಟಿಗೆಗೆ, ಸಿಹಿ ನೀರಿಗೆ. ಕಲ್ಲು ತಾಗಿ ಸೊಟ್ಟಗಾದ ಪೆಟ್ಟಿಗೆಗೆ, ರಾತ್ರಿಯಿಡೀ ನಿಂತ ನೀರಿಗೆ, ಅಳಿವೆಯ ಉಪ್ಪು ನೀರಿಗೆ ಆ ಭರವಸೆ ಸಾಲದು. ಉಪ್ಪು ನೀರು ಒಳಹೊಕ್ಕರೆ ಕನೆಕ್ಟರ್‌ಗಳು ತಿಂಗಳುಗಟ್ಟಲೆ ಸದ್ದಿಲ್ಲದೆ ತುಕ್ಕು ಹಿಡಿದು ಸವೆದುಹೋಗುತ್ತವೆ. ಇವತ್ತು ಓಡುತ್ತಿದೆ ಎಂಬುದು ಸಾಕ್ಷಿಯೇ ಅಲ್ಲ. ಹಾಗೆ ನೀರು ಹೋದ ಬ್ಯಾಟರಿ ಎಷ್ಟೋ ದಿನಗಳ ನಂತರವೂ ಬೆಂಕಿ ಹತ್ತಬಹುದು.

ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆದು ಕೊನೆಯ ಭಾಗ ನೋಡಿ. ಕೆಸರಿನ ಗೆರೆ ಅಲ್ಲಿ ಉಳಿದಿರುತ್ತದೆ, ತೊಳೆಯುವವರು ಅಷ್ಟು ಒಳಗೆ ಕೈ ಹಾಕುವುದಿಲ್ಲ. ನೆಲದ ಕಾರ್ಪೆಟ್ ಎತ್ತಿ ಕೆಳಗಿನ ಹತ್ತಿ ಒದ್ದೆಯಿದೆಯೇ ನೋಡಿ. ಸೀಟಿನ ಕೆಳಗಿನ ಹಳಿಯಲ್ಲಿ, ಬೋಲ್ಟುಗಳಲ್ಲಿ ತುಕ್ಕು ಇದೆಯೇ? ಫ್ಯೂಸ್ ಬಾಕ್ಸಿನಲ್ಲಿ ಹಸಿರು ಪಾಚಿಯಂಥದ್ದು ಕಂಡರೆ ಅದು ತಾಮ್ರದ ತುಕ್ಕು. ಹಳೆಯ ಗಾಡಿಯಲ್ಲಿ ಕಾರ್ಪೆಟ್ ಮಾತ್ರ ಹೊಚ್ಚಹೊಸದಿದ್ದು, ಸುಗಂಧದ ವಾಸನೆ ಗಾಢವಾಗಿದ್ದರೆ ಯಾಕೆ ಅಂತ ನೇರವಾಗಿ ಕೇಳಿ. ವಿಮೆಯ ಹಳೆಯ ಕ್ಲೇಮುಗಳ ವಿವರವನ್ನೂ ಕೇಳಿ ಪಡೆಯಿರಿ. ಅನುಮಾನ ಉಳಿದರೆ ಹೈ ವೋಲ್ಟೇಜ್ ಭಾಗದ ಇನ್ಸುಲೇಷನ್ ಪರೀಕ್ಷೆಯನ್ನು ಸರ್ವಿಸ್ ಸೆಂಟರ್‌ನಲ್ಲೇ ಮಾಡಿಸಿ. ಕಿತ್ತಳೆ ಬಣ್ಣದ ದಪ್ಪ ಕೇಬಲ್‌ಗಳಿಗೆ ಊರಿನ ಮೆಕ್ಯಾನಿಕ್ ಕೈ ಹಚ್ಚುವುದು ಬೇಡ, ಅದು ಜೀವದ ಪ್ರಶ್ನೆ.

ನೀರು ನುಗ್ಗಿದ್ದು ಖಚಿತವಾದರೆ ಅರ್ಧ ಬೆಲೆಗೆ ಕೊಟ್ಟರೂ ಬೇಡ.

ಕರಾವಳಿಯ ಉಪ್ಪು ಗಾಳಿಗೆ ಏನೇನು ಹಾಳಾಗುತ್ತದೆ?

ಕಾರನ್ನು ರ‍್ಯಾಂಪ್ ಮೇಲೆ ಏರಿಸಿ ಕೆಳಗಿನಿಂದ ನೋಡುವುದು ಕಡ್ಡಾಯ. ಬ್ಯಾಟರಿ ಪೆಟ್ಟಿಗೆ ಅಲ್ಲೇ ಇರುವುದು. ತೋಟದ ಮನೆಯ ಮಣ್ಣು ರಸ್ತೆ, ಚಿರೆಕಲ್ಲಿನ ಏರು, ಎತ್ತರದ ಹಂಪು ಇವೆಲ್ಲ ತಾಗುವುದು ಅದಕ್ಕೇ. ಗೀರುಗಳು ಪರವಾಗಿಲ್ಲ. ಒಳಕ್ಕೆ ತಗ್ಗಿದ ಗುರುತು, ಬಿರುಕು, ಬಿಚ್ಚಿ ಮತ್ತೆ ಹಾಕಿದ ಬೋಲ್ಟು ಕಂಡರೆ ನಿಲ್ಲಿ. ಪೆಟ್ಟಾದ ಪೆಟ್ಟಿಗೆಗೆ ವಾರಂಟಿ ಸಿಗುವುದು ಕಷ್ಟ.

ಇನ್ನು ಬ್ರೇಕ್ ಡಿಸ್ಕ್. ಎಲೆಕ್ಟ್ರಿಕ್ ಗಾಡಿಯ ವೇಗವನ್ನು ಬಹುಪಾಲು ಮೋಟಾರೇ ಇಳಿಸುವುದರಿಂದ ಬ್ರೇಕ್ ಕಡಿಮೆ ಬಳಕೆಯಾಗುತ್ತದೆ. ಪೆಟ್ರೋಲ್ ಗಾಡಿಯಲ್ಲಿ ತಿಕ್ಕಿ ತಿಕ್ಕಿ ಹೋಗುವ ತುಕ್ಕು ಇಲ್ಲಿ ಕೂತುಬಿಡುತ್ತದೆ. ಸಮುದ್ರ ದಂಡೆಯ ಊರುಗಳಲ್ಲಿ ಇದು ಇನ್ನೂ ಜಾಸ್ತಿ. ಮೇಲ್ಮೈಯ ಕೆಂಪು ಪೊರೆ ನಾಲ್ಕು ಬಾರಿ ಬ್ರೇಕ್ ಹಾಕಿದರೆ ಹೋಗುತ್ತದೆ. ಆಳವಾದ ಗುಳಿ, ಅಂಚಿನ ದಪ್ಪ ತುಕ್ಕು ಇದ್ದರೆ ಡಿಸ್ಕ್ ಬದಲಿಸುವ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ.

ಇಲಿ, ಹೆಗ್ಗಣದ ಕಾಟ?

ಇದ್ದೇ ಇದೆ. ಅಡಿಕೆ, ತೆಂಗು ಒಣಗಿಸುವ ಮನೆಗಳಲ್ಲಿ ಇನ್ನೂ ಜಾಸ್ತಿ. ಬಾನೆಟ್ ತೆಗೆದು ಹಿಕ್ಕೆ, ಗೂಡು, ಕಡಿದ ವಯರು, ಟೇಪು ಸುತ್ತಿದ ವಯರು ಹುಡುಕಿ. ಟೇಪು ಸುತ್ತಿದ ಕಿತ್ತಳೆ ಕೇಬಲ್ ಇದ್ದರೆ ಗಾಡಿ ಬೇಡ.

ಹಳ್ಳಿ ಮನೆಯಲ್ಲಿ ಚಾರ್ಜ್ ಮಾಡಲು ಆಗುತ್ತದಾ?

ಆಗುತ್ತದೆ, ವೈರಿಂಗ್ ಸರಿ ಇದ್ದರೆ. ಕಾರಿನ ಜೊತೆ ಬರುವ ಸಾಮಾನ್ಯ ಚಾರ್ಜರ್‌ಗೆ 15 ಆಂಪಿಯರ್ ಸಾಕೆಟ್ ಸಾಕು. ಗಂಟೆಗೆ ಸುಮಾರು 3 ಯೂನಿಟ್ ಎಳೆಯುತ್ತದೆ. 30 ಯೂನಿಟ್ ಬ್ಯಾಟರಿ ತುಂಬಲು ಒಂದು ರಾತ್ರಿ, ಅಂದರೆ 9ರಿಂದ 10 ಗಂಟೆ. ಫ್ರಿಜ್ಜಿನಂತೆ ಆಗಾಗ ನಿಲ್ಲುವ ಉಪಕರಣ ಇದಲ್ಲ, ರಾತ್ರಿಯಿಡೀ ಒಂದೇ ಸಮನೆ ಎಳೆಯುತ್ತದೆ. ಹಳೆಯ ತೆಳು ವಯರು, ಸಡಿಲ ಸಾಕೆಟ್ ಇದ್ದರೆ ಕರಗಿಹೋಗುತ್ತದೆ. ಮೀಟರ್ ಬೋರ್ಡಿನಿಂದ ನೇರ 4 ಚದರ ಮಿ.ಮೀ. ತಾಮ್ರದ ವಯರು, ಪ್ರತ್ಯೇಕ ಎಂಸಿಬಿ (ಲೋಡ್ ಮೀರಿದರೆ ಬೀಳುವ ಸ್ವಿಚ್), ಆರ್‌ಸಿಸಿಬಿ (ಕರೆಂಟು ಸೋರಿದರೆ ಬೀಳುವ ಸ್ವಿಚ್) ಹಾಕಿಸಿ. ಮೀಟರ್‌ನ ಮಂಜೂರಾದ ಲೋಡ್ ಸಾಲದಿದ್ದರೆ ಹೆಸ್ಕಾಂ ಕಚೇರಿಯಲ್ಲಿ ಹೆಚ್ಚಿಸಿಕೊಳ್ಳಿ.

ಹೆಚ್ಚಿನವರಿಗೆ ತೊಂದರೆ ಕೊಡುವುದು ಅರ್ಥಿಂಗ್. ಅರ್ಥಿಂಗ್ ಸರಿಯಿಲ್ಲದಿದ್ದರೆ ಕಾರು ಚಾರ್ಜ್ ತೆಗೆದುಕೊಳ್ಳುವುದೇ ಇಲ್ಲ, ಚಾರ್ಜರ್‌ನಲ್ಲಿ ಕೆಂಪು ದೀಪ ಬರುತ್ತದೆ. ಮಳೆಗಾಲದಲ್ಲಿ ಚೆನ್ನಾಗಿದ್ದದ್ದು ಏಪ್ರಿಲ್, ಮೇನಲ್ಲಿ ಕೈಕೊಡುತ್ತದೆ, ಯಾಕೆಂದರೆ ನಮ್ಮ ಚಿರೆಕಲ್ಲಿನ ನೆಲ ಬೇಸಿಗೆಯಲ್ಲಿ ಪೂರ್ತಿ ಒಣಗುತ್ತದೆ. ಅರ್ಥಿಂಗ್ ಗುಂಡಿಗೆ ನೀರು ಹಾಕಿದರೆ ಸರಿಹೋಗಬಹುದು. ಇಲ್ಲವಾದರೆ ಹೊಸ ಗುಂಡಿ ತೋಡಿಸಬೇಕು. ಅರ್ಥ್ ಇಲ್ಲದೆ ಕಾರನ್ನು ಮೋಸಗೊಳಿಸಿ ಚಾರ್ಜ್ ಮಾಡಿಸುವ ಅಡ್ಡದಾರಿ ಯಾರಾದರೂ ಹೇಳಿಕೊಟ್ಟರೆ ಖಂಡಿತ ಒಪ್ಪಬೇಡಿ. ಒದ್ದೆ ಅಂಗಳದಲ್ಲಿ ಬರಿಗಾಲಲ್ಲಿ ನಿಂತು ಕಾರು ಮುಟ್ಟುವವರು ನಿಮ್ಮ ಮನೆಯ ಮಕ್ಕಳೇ ಅಲ್ವಾ?

ಸಂಜೆ ಹೊತ್ತು ವೋಲ್ಟೇಜ್ ಬಿದ್ದರೆ ಚಾರ್ಜ್ ತಾನಾಗಿ ನಿಲ್ಲುತ್ತದೆ. ರಾತ್ರಿ 10ರ ನಂತರ ಹಚ್ಚಿ ನೋಡಿ. ಮಳೆಗಾಲದ ಮುಂಚಿನ ಗುಡುಗು ಸಿಡಿಲಿನ ದಿನಗಳಲ್ಲಿ ಪ್ಲಗ್ ಕಿತ್ತಿಡಿ, ಬೋರ್ಡಿಗೆ ಸರ್ಜ್ ಪ್ರೊಟೆಕ್ಟರ್ ಹಾಕಿಸಿ. ಜೂನ್, ಜುಲೈನಲ್ಲಿ ಮರ ಬಿದ್ದು ಎರಡು ದಿನ ಕರೆಂಟು ಇಲ್ಲದಿರುವುದು ಘಟ್ಟದ ಮೇಲೆ ಹೊಸದಲ್ಲ. ಆ ತಿಂಗಳುಗಳಲ್ಲಿ ಚಾರ್ಜ್ ಅರ್ಧಕ್ಕಿಂತ ಕೆಳಗೆ ಇಳಿಯಲು ಬಿಡಬೇಡಿ.

ಎರಡನೇ ಮಾಲೀಕರಿಗೆ ಬ್ಯಾಟರಿ ವಾರಂಟಿ ಸಿಗುತ್ತದಾ?

ಬಹುತೇಕ ಕಂಪನಿಗಳು ಬ್ಯಾಟರಿಗೆ 8 ವರ್ಷ ಕೊಡುತ್ತವೆ. ಟಾಟಾ ನೆಕ್ಸಾನ್, ಹುಂಡೈ ಕೋನಾಗಳಿಗೆ 8 ವರ್ಷ ಅಥವಾ 1,60,000 ಕಿ.ಮೀ., ಯಾವುದು ಮೊದಲೋ ಅದು. ಎಂಜಿ ಜೆಡ್‌ಎಸ್‌ಗೆ 8 ವರ್ಷ ಅಥವಾ 1,50,000 ಕಿ.ಮೀ. ಲೆಕ್ಕ ಶುರುವಾಗುವುದು ಗಾಡಿ ಮೊದಲು ಮಾರಾಟವಾದ ದಿನದಿಂದ, ನೀವು ಕೊಂಡ ದಿನದಿಂದಲ್ಲ. 2020ರ ಫೆಬ್ರವರಿಯ ಗಾಡಿಗೆ 2028ರ ಫೆಬ್ರವರಿಗೆ ಮುಗಿಯುತ್ತದೆ.

ಇತ್ತೀಚಿನ ಕೆಲವು ಮಾಡೆಲ್‌ಗಳ ಜಾಹೀರಾತಿನಲ್ಲಿ ಬರುವ ಜೀವಮಾನದ ವಾರಂಟಿ ಮೊದಲ ಮಾಲೀಕರಿಗೆ ಮಾತ್ರ. ನಿಮ್ಮ ಹೆಸರಿಗೆ ಬಂದ ಕೂಡಲೇ ಅದು ಇಳಿಯುತ್ತದೆ. ವಾರಂಟಿ ಪುಸ್ತಕವನ್ನು ಕೂತು ಓದಿ. ಎಷ್ಟು ಶೇಕಡಾಕ್ಕಿಂತ ಕೆಳಗಿಳಿದರೆ ಬದಲಿಸಿಕೊಡುತ್ತಾರೆ, ಯಾವ ಸರ್ವಿಸ್ ತಪ್ಪಿದ್ದರೆ ಕೊಡುವುದಿಲ್ಲ ಎಂಬುದು ಅದರಲ್ಲಿ ಇರುತ್ತದೆ. ಹೊರಗೆ ಬ್ಯಾಟರಿ ಬಿಚ್ಚಿಸಿದ ಗಾಡಿಯಾದರೆ ವಾರಂಟಿಯ ಆಸೆ ಬಿಡಿ. ವಾರಂಟಿ ಎರಡು ವರ್ಷಕ್ಕಿಂತ ಕಡಿಮೆ ಉಳಿದ ಗಾಡಿಗೆ ನಾನಂತೂ ಚೌಕಾಸಿ ಬಿಗಿಯಾಗಿ ಮಾಡುತ್ತೇನೆ.

ಬ್ಯಾಟರಿ ಬಾಡಿಗೆಗೆ ಪಡೆದ ಕಾರು ಅಂದರೇನು?

2024ರಲ್ಲಿ ಎಂಜಿ ವಿಂಡ್ಸರ್ ಬಂದಾಗಿನಿಂದ ಈ ಪದ್ಧತಿ ಹೆಚ್ಚು ಕೇಳಿಬರುತ್ತಿದೆ. ಕಾರಿಗೆ ಮಾತ್ರ ದುಡ್ಡು ಕೊಟ್ಟು, ಬ್ಯಾಟರಿಗೆ ಓಡಿದ ಕಿಲೋಮೀಟರ್ ಲೆಕ್ಕದಲ್ಲಿ ತಿಂಗಳು ತಿಂಗಳು ಕಟ್ಟುವುದು. ಅಂಥ ಗಾಡಿ ತೀರಾ ಅಗ್ಗಕ್ಕೆ ಕಂಡರೆ ಅಚ್ಚರಿಯಿಲ್ಲ, ಅದರಲ್ಲಿ ಬ್ಯಾಟರಿಯ ಬೆಲೆ ಸೇರಿಲ್ಲ. ಬಾಕಿ ಎಷ್ಟಿದೆ, ಕರಾರು ನಿಮ್ಮ ಹೆಸರಿಗೆ ವರ್ಗವಾಗುತ್ತದೆಯೇ ಎಂದು ಹಣಕಾಸು ಕಂಪನಿಯಿಂದಲೇ ಬರವಣಿಗೆಯಲ್ಲಿ ತಿಳಿಯಿರಿ.

ಗೋವಾದಲ್ಲಿ ಅಗ್ಗಕ್ಕೆ ಸಿಗುತ್ತದಂತೆ. ತರಬಹುದಾ?

ಕಾರವಾರದವರಿಗೆ ಗಡಿ ಪಕ್ಕದಲ್ಲೇ ಇರುವುದರಿಂದ ಈ ಆಸೆ ಸಹಜ. ತರಬಹುದು, ಆದರೆ ಎರಡು ವಿಷಯ ಬಿಡಬೇಡಿ.

ಒಂದು, ಅದು ಪ್ರವಾಸಿಗರಿಗೆ ಬಾಡಿಗೆಗೆ ಓಡಿದ ಗಾಡಿಯೇ ಎಂದು ನೋಡಿ. ಸ್ವಂತ ಬಳಕೆಯ ಎಲೆಕ್ಟ್ರಿಕ್ ಗಾಡಿಗೆ ಹಸಿರು ಪ್ಲೇಟಿನ ಮೇಲೆ ಬಿಳಿ ಅಕ್ಷರ, ಬಾಡಿಗೆಯದ್ದಕ್ಕೆ ಹಳದಿ ಅಕ್ಷರ. ಆಮೇಲೆ ಸ್ವಂತಕ್ಕೆ ಬದಲಿಸಿಕೊಂಡಿರಬಹುದು, ಹಾಗಾಗಿ ಪ್ಲೇಟ್ ಒಂದನ್ನೇ ನಂಬದೆ ಆರ್‌ಸಿಯ ಹಿಂದಿನ ವಿವರವನ್ನೂ ಸರ್ಕಾರದ ವಾಹನ್ ಪೋರ್ಟಲ್‌ನಲ್ಲಿ ನೋಡಿ. ಮೀಟರ್ 30 ಸಾವಿರ ತೋರಿಸಿ ಪೆಡಲ್ ರಬ್ಬರು, ಸ್ಟೇರಿಂಗ್ ಹೊದಿಕೆ ನುಣ್ಣಗೆ ಸವೆದಿದ್ದರೆ ಸರ್ವಿಸ್ ದಾಖಲೆಗಳ ಕಿಲೋಮೀಟರನ್ನು ಒಂದೊಂದಾಗಿ ತಾಳೆ ಮಾಡಿ.

ಎರಡು, ಕಾಗದ. ಹೊರರಾಜ್ಯದ ಗಾಡಿಗೆ ಅಲ್ಲಿನ ಆರ್‌ಟಿಒದಿಂದ ಫಾರ್ಮ್ 28ರ ಎನ್‌ಒಸಿ ಬೇಕು. ವರ್ಗಾವಣೆಗೆ ಫಾರ್ಮ್ 29 ಮತ್ತು 30. ಸಾಲ ಇದ್ದಿದ್ದರೆ ತೀರಿಸಿದ್ದಕ್ಕೆ ಬ್ಯಾಂಕಿನ ಪತ್ರ ಮತ್ತು ಫಾರ್ಮ್ 35. ಒಂದು ವರ್ಷಕ್ಕಿಂತ ಹೆಚ್ಚು ಇಲ್ಲಿ ಇಟ್ಟುಕೊಳ್ಳುವುದಾದರೆ ಕರ್ನಾಟಕದ ನಂಬರ್ ಮಾಡಿಸಲೇಬೇಕು. ನಿಮ್ಮ ವಿಳಾಸಕ್ಕೆ ತಕ್ಕಂತೆ ಕಾರವಾರ, ಶಿರಸಿ, ಹೊನ್ನಾವರ ಅಥವಾ ದಾಂಡೇಲಿ ಆರ್‌ಟಿಒದಲ್ಲಿ ತೆರಿಗೆ ಎಷ್ಟು ಬೀಳುತ್ತದೆ ಎಂದು ಅಡ್ವಾನ್ಸ್ ಕೊಡುವ ಮೊದಲೇ ವಿಚಾರಿಸಿ. ಅಗ್ಗ ಎಂದುಕೊಂಡದ್ದು ಅಲ್ಲಿಗೆ ಸಮವಾಗಿಬಿಡಬಹುದು. ಅಂದ ಹಾಗೆ, ಹೊಗೆ ತಪಾಸಣೆಯ ಸರ್ಟಿಫಿಕೇಟ್ ಎಲೆಕ್ಟ್ರಿಕ್ ಗಾಡಿಗೆ ಬೇಡ.

ವಿಮೆ?

ಆರ್‌ಸಿ ನಿಮ್ಮ ಹೆಸರಿಗೆ ಬಂದ 14 ದಿನದೊಳಗೆ ವಿಮೆಯನ್ನೂ ವರ್ಗಾಯಿಸಿಕೊಳ್ಳಿ. ನೋ ಕ್ಲೇಮ್ ಬೋನಸ್ ಮಾರಿದವರದ್ದು, ನಿಮಗೆ ಬರುವುದಿಲ್ಲ. ಥರ್ಡ್ ಪಾರ್ಟಿ ಕಂತಿನಲ್ಲಿ ಎಲೆಕ್ಟ್ರಿಕ್ ಕಾರಿಗೆ ಶೇ 15 ರಿಯಾಯಿತಿ ಇದೆ. ನೆರೆ ಮತ್ತು ಇಲಿ ಕಡಿತದ ಹಾನಿ, ಬ್ಯಾಟರಿ ಹಾಗೂ ಚಾರ್ಜರ್ ಎಲ್ಲಕ್ಕೂ ರಕ್ಷಣೆ ಇರುವ ಪಾಲಿಸಿ ನೋಡಿ. ನಮ್ಮ ಊರಿಗೆ ಇವು ಅಲಂಕಾರಕ್ಕಲ್ಲ.

ಉಳಿದ ಸಣ್ಣಪುಟ್ಟ ಭಾಗಗಳು?

ಎಲೆಕ್ಟ್ರಿಕ್ ಕಾರಿನಲ್ಲೂ 12 ವೋಲ್ಟಿನ ಸಣ್ಣ ಬ್ಯಾಟರಿ ಇರುತ್ತದೆ. ಅದು ಸತ್ತರೆ ದೊಡ್ಡ ಬ್ಯಾಟರಿ ತುಂಬಿದ್ದರೂ ಗಾಡಿ ಎದ್ದೇಳುವುದಿಲ್ಲ. ನಾಲ್ಕು ವರ್ಷದ ಹಳೆಯದಾದರೆ ಬದಲಿಸಿಬಿಡಿ. ಎಸಿಯನ್ನು ಅರ್ಧ ಗಂಟೆ ಓಡಿಸಿ ನೋಡಿ. ಹಲವು ಗಾಡಿಗಳಲ್ಲಿ ಬ್ಯಾಟರಿಯನ್ನು ತಂಪಾಗಿಡುವುದೂ ಅದೇ ಕಂಪ್ರೆಸರ್. ಭಾರದ ಗಾಡಿ ಮತ್ತು ಮೋಟಾರಿನ ಎಳೆತದಿಂದ ಟೈರು ಬೇಗ ಸವೆಯುತ್ತದೆ. ಟೈರಿನ ಮೇಲಿನ ನಾಲ್ಕು ಅಂಕಿಯಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. ಎರಡೂ ಕೀ, ಗಾಡಿಯ ಜೊತೆ ಬಂದ ಚಾರ್ಜರ್ ಕೇಳಿ ಪಡೆಯಿರಿ. ಮೊಬೈಲ್ ಆ್ಯಪ್‌ನಿಂದ ಹಳೆಯ ಮಾಲೀಕರ ಖಾತೆ ತೆಗೆಸುವುದನ್ನು ಮರೆಯಬೇಡಿ. ಇಲ್ಲದಿದ್ದರೆ ನಿಮ್ಮ ಗಾಡಿ ಎಲ್ಲಿದೆ ಅಂತ ಅವರ ಫೋನಿಗೆ ಕಾಣುತ್ತಲೇ ಇರುತ್ತದೆ.

ಘಟ್ಟದಲ್ಲಿ ಕೆಟ್ಟು ನಿಂತರೆ?

ಹಗ್ಗ ಕಟ್ಟಿ ಎಳೆಸಬೇಡಿ. ಚಕ್ರ ತಿರುಗಿದರೆ ಮೋಟಾರೂ ತಿರುಗಿ ಕರೆಂಟು ಹುಟ್ಟುತ್ತದೆ, ಒಳಗಿನ ಭಾಗ ಸುಟ್ಟುಹೋಗಬಹುದು. ನಾಲ್ಕೂ ಚಕ್ರ ಮೇಲಿರುವ ಫ್ಲಾಟ್‌ಬೆಡ್ ಗಾಡಿಯೇ ಬೇಕು. ಅದಕ್ಕಾಗಿ ಕೊಳ್ಳುವ ಮೊದಲೇ ಒಂದು ಕೆಲಸ ಮಾಡಿ: ನಿಮ್ಮ ಕಂಪನಿಯ ಯಾವ ಸರ್ವಿಸ್ ಸೆಂಟರ್‌ನಲ್ಲಿ ಹೈ ವೋಲ್ಟೇಜ್ ಕೆಲಸ ಕಲಿತವರಿದ್ದಾರೆ ಎಂದು ಕೇಳಿ. ಹತ್ತಿರದಲ್ಲೇ ಇದ್ದರೆ ಅದೃಷ್ಟ. ಇಲ್ಲವಾದರೆ ಹುಬ್ಬಳ್ಳಿಗೋ ಮಂಗಳೂರಿಗೋ ಸಾಗಿಸಬೇಕು. ಶಿರಸಿಯಿಂದ ಹುಬ್ಬಳ್ಳಿಗೇ 100 ಕಿ.ಮೀ. ಹಾಗಾಗಿ ರೋಡ್ ಸೈಡ್ ಅಸಿಸ್ಟೆನ್ಸ್ ಎಷ್ಟು ಕಿಲೋಮೀಟರ್‌ವರೆಗೆ ಪುಕ್ಕಟೆ ಎಂಬುದನ್ನೂ ನೋಡಿ.

ತೀರಾ ಹಳೆಯ ರೇವಾ, ಇ2ಒ ಎರಡು ಲಕ್ಷದೊಳಗೆ ಸಿಕ್ಕರೆ?

ಹವ್ಯಾಸಕ್ಕಾದರೆ ಸರಿ. ಮನೆಯ ಒಂದೇ ಗಾಡಿ ಅದಾಗುವುದಾದರೆ ಬೇಡ. ಬಿಡಿಭಾಗಕ್ಕೆ ಅಲೆದು ಸಾಕಾಗುತ್ತದೆ, ಇಂದಿನ ಹೆದ್ದಾರಿ ಚಾರ್ಜರ್‌ಗಳೂ ಅದಕ್ಕೆ ಹೊಂದುವುದಿಲ್ಲ.

ಟೋಕನ್ ಹಣ ಕೊಡುವಾಗ ಏನು ಬರೆಸಿಕೊಳ್ಳಬೇಕು?

ಬಿಳಿ ಹಾಳೆಯಲ್ಲಾದರೂ ಸರಿ, ಸಹಿ ಹಾಕಿಸಿ ಬರೆಸಿಕೊಳ್ಳಿ: ಸರ್ವಿಸ್ ಸೆಂಟರ್ ರಿಪೋರ್ಟಿನಲ್ಲಿ ಬ್ಯಾಟರಿ ಹೆಲ್ತ್ ಶೇ ಇಷ್ಟಕ್ಕಿಂತ ಕಡಿಮೆ ಬಂದರೆ, ನೆರೆ ನೀರಿನ ಕುರುಹು ಸಿಕ್ಕರೆ ಅಥವಾ ಸಾಲದ ಎನ್‌ಒಸಿ ಇಷ್ಟು ದಿನದಲ್ಲಿ ಬರದಿದ್ದರೆ ಟೋಕನ್ ಪೂರ್ತಿ ವಾಪಸ್. ಶೇ ಎಷ್ಟು ಅನ್ನುವುದು ಬೆಲೆಗೆ ತಕ್ಕಂತೆ ನೀವೇ ನಿರ್ಧರಿಸಿ. ನಾಲ್ಕೈದು ವರ್ಷದ ಗಾಡಿಗೆ ನಾನು 85 ಬರೆಸುತ್ತೇನೆ. ಟೋಕನ್ ಸಣ್ಣ ಮೊತ್ತವಿರಲಿ, ಬ್ಯಾಂಕ್ ಮೂಲಕವೇ ಹೋಗಲಿ. ಉಳಿದ ಹಣ ಫಾರ್ಮ್ 29, 30ಕ್ಕೆ ಸಹಿ ಬಿದ್ದು, ಮಾಲೀಕರ ಫೋನಿಗೆ ಬರುವ ಒಟಿಪಿ ಹಾಕಿ ವರ್ಗಾವಣೆಯ ಅರ್ಜಿ ಸಲ್ಲಿಕೆಯಾದ ಮೇಲೆ ಕೊಡಿ.